ಪದಚರ್ಚೆ: ‘ಕನ್ಫೆಸರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ರೋಮನ್ ಕಾಲದ ಕ್ರೈಸ್ತರ ವಿಚಾರಣೆಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಮಾರ್ಟರ್’ ಕಷ್ಟವಾಗಲಿಲ್ಲ. ನಮ್ಮ ಕಥೋಲಿಕರು ಬಳಸುವ ‘ರಕ್ತಸಾಕ್ಷಿ’ ಚೆನ್ನಾಗಿ ಒಪ್ಪುತ್ತದೆ, ಗ್ರೀಕ್ ಪದಕ್ಕೂ ಸಾಕ್ಷಿ ಎಂದೇ ಅರ್ಥ. ‘ಹುತಾತ್ಮ’ ಎಲ್ಲರಿಗೂ ಗೊತ್ತು. ಆದರೆ ‘ಹುತ’ ಎಂದರೆ ಬೆಂಕಿಗೆ ಅರ್ಪಿಸಿದ್ದು. ದೇವತೆಗಳಿಗೆ ಧೂಪ ಹಾಕಲು ಒಪ್ಪದೆ ಸತ್ತವರಿಗೆ ಆ ಹೆಸರಿಡಲು ನನಗೆ ಮನಸ್ಸಿಲ್ಲ.

ತೊಡಕು ಇರುವುದು ‘ಕನ್ಫೆಸರ್’ ಹತ್ತಿರ. ಅಧಿಕಾರಿಯ ಮುಂದೆ ‘ನಾನು ಕ್ರೈಸ್ತ’ ಎಂದು ಹೇಳಿ, ಸೆರೆ, ಹಿಂಸೆ ಎಲ್ಲ ಅನುಭವಿಸಿಯೂ ಜೀವ ಉಳಿದವರು ಇವರು. ‘ತಪ್ಪೊಪ್ಪಿಕೊಂಡವರು’ ಎಂದರೆ ಅರ್ಥವೇ ಕೆಡುತ್ತದೆ. ಅವರು ತಪ್ಪು ಮಾಡಿದ್ದೇವೆ ಎಂದು ಹೇಳಲೇ ಇಲ್ಲ ಅಲ್ವಾ? ಪಾಪನಿವೇದನೆ ಕೇಳುವ ಪಾದ್ರಿಗೂ ಇಂಗ್ಲಿಷಿನಲ್ಲಿ ಇದೇ ಪದ ಇರುವುದರಿಂದ ಗೊಂದಲ ಇನ್ನೂ ಜಾಸ್ತಿ.

ಆ ವಿಚಾರಣೆಗಳ ರೀತಿಯೇ ವಿಚಿತ್ರ. ಸುಮಾರು ಕ್ರಿ.ಶ. 112ರಲ್ಲಿ ಬಿಥೀನಿಯಾದ (ಇಂದಿನ ಟರ್ಕಿಯ ಭಾಗ) ರಾಜ್ಯಪಾಲ ಪ್ಲೀನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರ ನೋಡಿ. ನೀನು ಕ್ರೈಸ್ತನೋ ಎಂದು ಕೇಳುತ್ತಿದ್ದ. ಹೌದು ಎಂದವರನ್ನು ಶಿಕ್ಷೆಯ ಬೆದರಿಕೆ ಹಾಕಿ ಎರಡನೇ ಸಲ, ಮೂರನೇ ಸಲ ಕೇಳುತ್ತಿದ್ದ. ಆಗಲೂ ಹೌದು ಎಂದರೆ ಮರಣದಂಡನೆ. ಅಲ್ಲ ಎಂದು ಚಕ್ರವರ್ತಿಯ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಶಪಿಸಿದರೆ ಬಿಡುಗಡೆ. ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಇದನ್ನೇ ಹಿಡಿದು ಕೇಳಿದ: ಬೇರೆಯವರಿಗೆ ಹಿಂಸೆ ಕೊಡುವುದು ಒಪ್ಪಿಕೊಳ್ಳಲಿ ಎಂದು, ನಮಗೆ ಮಾತ್ರ ಅಲ್ಲಗಳೆಯಲಿ ಎಂದೇ? ಆದ್ದರಿಂದ ನನಗೆ ಬೇಕಾದ ಪದದಲ್ಲಿ ಆ ‘ಹೌದು’ ಇರಬೇಕು, ತಪ್ಪಿನ ವಾಸನೆ ಇರಬಾರದು.

ಎರಡನ್ನೂ ‘ಸಾಕ್ಷಿ’ ಎಂದು ಸೇರಿಸಿಬಿಡಲೂ ಆಗದು. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ ಸೆರೆಯಲ್ಲಿದ್ದ ಕ್ರೈಸ್ತರು ತಮ್ಮನ್ನು ರಕ್ತಸಾಕ್ಷಿ ಎಂದು ಕರೆದವರನ್ನು ಗದರಿಸಿದರು. ಆ ಹೆಸರು ಕ್ರಿಸ್ತನಿಗೆ, ಸತ್ತವರಿಗೆ ಸೇರಿದ್ದು, ನಾವು ಬರೀ ಒಪ್ಪಿ ನುಡಿದವರು ಎಂದರು. ಮೈಯೆಲ್ಲ ಗಾಯವಾಗಿದ್ದವರ ಮಾತು ಇದು. ಅನುವಾದದಲ್ಲಿ ಈ ವ್ಯತ್ಯಾಸ ಅಳಿಸಿಹೋಗಬಾರದು ಎಂಬುದೇ ನನ್ನ ಆಸೆ.

ಮುಂದೆ, 250ರಲ್ಲಿ, ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದ ದೇಕಿಯಸ್ ಚಕ್ರವರ್ತಿಯ ಕಾಲಕ್ಕೆ, ‘ಕನ್ಫೆಸರ್’ ಎಂಬುದು ಗೌರವದ ಬಿರುದೇ ಆಯಿತು. ಹೆದರಿ ಬಲಿ ಅರ್ಪಿಸಿದ ಕ್ರೈಸ್ತರು ಸಭೆಗೆ (ಚರ್ಚಿಗೆ) ಮರಳಲು ಇಂಥವರಿಂದಲೇ ಶಿಫಾರಸು ಪತ್ರ ಬೇಡುತ್ತಿದ್ದರು. ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ಗೆ ಅದು ದೊಡ್ಡ ತಲೆನೋವಾಗಿತ್ತು. ಹಾಗಾಗಿ ಹೆಸರಿನ ಹಿಂದೆ ಹಚ್ಚಲು ಬರುವಂಥ ಚಿಕ್ಕ ಪದವೇ ಬೇಕು.

ಸದ್ಯಕ್ಕೆ ‘ವಿಶ್ವಾಸಸಾಕ್ಷಿ’ ಎಂದು ಬರೆದಿದ್ದೇನೆ, ಆದರೆ ಅದರಲ್ಲಿ ‘ಹೌದು’ ಕೇಳಿಸುವುದಿಲ್ಲ. ‘ಒಪ್ಪುನುಡಿದವರು’ ಅರ್ಥಕ್ಕೆ ಹತ್ತಿರ, ಬಿರುದಾಗಿ ಮಾತ್ರ ಸೊರಗುತ್ತದೆ. ಮಂಗಳೂರು ಕಡೆಯ ಹಳೆಯ ಕ್ರೈಸ್ತ ಕನ್ನಡ ಪುಸ್ತಕಗಳಲ್ಲಿ, ಸಂತರ ಪಂಚಾಂಗಗಳಲ್ಲಿ ಇದಕ್ಕೆ ಯಾವ ಪದ ಬಳಸಿದ್ದಾರೆ? ನೋಡಿದವರು ಪೂರ್ತಿ ವಾಕ್ಯದ ಸಮೇತ ತಿಳಿಸಿದರೆ ತುಂಬಾ ಉಪಕಾರ.