ಹೊಸ ಲ್ಯಾಪ್‌ಟಾಪಿನಲ್ಲಿ ಮೊದಲೇ ಕುಳಿತಿರುವ ತಂತ್ರಾಂಶಗಳು: ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು?

ಪ್ರಶ್ನೆ (ನಿವೃತ್ತ ಕನ್ನಡ ಶಿಕ್ಷಕಿ, ಸಾಗರ): ನಮಸ್ಕಾರ ಸರ್. ಕಳೆದ ವಾರ ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ತೆಗೆದುಕೊಂಡೆ. ಹಳೆಯದರಲ್ಲಿ ವಿಂಡೋಸ್ 7 ಇತ್ತು. ನಮ್ಮ ತಂದೆಯವರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಅವರು ಬರೆದಿಟ್ಟ ಟಿಪ್ಪಣಿಗಳನ್ನು ಅದರಲ್ಲಿ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಳಸಿ ಟೈಪ್ ಮಾಡುತ್ತಿದ್ದೆ. ಆರು ನೋಟ್‌ಬುಕ್ ಮುಗಿದಿವೆ, ಐದು ಬಾಕಿ ಇವೆ. ಹೊಸದನ್ನು ತೆರೆದರೆ ನಾನು ಹಾಕದ ಏನೇನೋ ತಂತ್ರಾಂಶಗಳಿವೆ. ಒಂದು ಆಂಟಿವೈರಸ್ ದಿನಕ್ಕೆ ನಾಲ್ಕು ಸಲ ‘ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ’ ಎಂದು ಹೆದರಿಸಿ ಹಣ ಕೇಳುತ್ತದೆ. ವರ್ಡ್ ತೆರೆದರೆ ಖಾತೆ ಕೇಳುತ್ತದೆ. ನನ್ನ ಹಳೆಯ ಫೈಲುಗಳಲ್ಲಿ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಡುತ್ತೇವೆ, 1500 ರೂಪಾಯಿ ಆಗುತ್ತದೆ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಕೊಡಲೇ?

ಉತ್ತರ (ಕಂಪ್ಯೂಟರ್ ದುರಸ್ತಿ ತಂತ್ರಜ್ಞ): ಕೊಡಬೇಡಿ ಮೇಡಂ. ವಿಂಡೋಸಿನ ಹಣ ಲ್ಯಾಪ್‌ಟಾಪಿನ ಬೆಲೆಯಲ್ಲೇ ಸೇರಿದೆ, ನೀವು ಅದನ್ನು ಕೊಟ್ಟಾಗಿದೆ. ಡಿಸ್ಕನ್ನು ಪೂರ್ತಿ ಅಳಿಸಿದರೆ ತಯಾರಕರು ಇಟ್ಟ ಮರುಸ್ಥಾಪನೆಯ ಭಾಗವೂ ಹೋಗಬಹುದು. ಬೇಡದ್ದನ್ನು ತೆಗೆಯಲು ಅರ್ಧ ಗಂಟೆ ಸಾಕು, ಅದನ್ನು ನೀವೇ ಮಾಡಬಹುದು.

ಸೆಟ್ಟಿಂಗ್ಸ್ ತೆರೆದು ಆ್ಯಪ್ಸ್, ಅದರೊಳಗೆ ಇನ್‌ಸ್ಟಾಲ್ಡ್ ಆ್ಯಪ್ಸ್ ಒತ್ತಿ. ಪ್ರತಿಯೊಂದು ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಮಾಡಿದವರ ಹೆಸರು ಇರುತ್ತದೆ. ಮೊದಲು ಆ ಸಣ್ಣ ಅಕ್ಷರ ಓದಿ. ಮೈಕ್ರೋಸಾಫ್ಟ್ ಎಂದಿದ್ದರೆ ಅದು ವಿಂಡೋಸಿನ ಜೊತೆ ಬಂದದ್ದು, ಸದ್ಯಕ್ಕೆ ಇರಲಿ. ಇಂಟೆಲ್, ಎಎಂಡಿ, ರಿಯಲ್‌ಟೆಕ್ ಎಂದಿದ್ದರೆ ಕೈ ಹಚ್ಚಲೇಬೇಡಿ. ಅವು ಧ್ವನಿ, ಪರದೆ, ವೈಫೈಗಳನ್ನು ನಡೆಸುವ ಡ್ರೈವರುಗಳಿಗೆ ಸೇರಿದವು. ‘ಇದೇನೋ ಗೊತ್ತಿಲ್ಲ’ ಎಂದು ರಿಯಲ್‌ಟೆಕ್ ತೆಗೆದು, ಸ್ಪೀಕರ್ ಕೆಟ್ಟಿದೆ ಎಂದುಕೊಂಡು ನನ್ನ ಬಳಿ ಬರುವವರು ಇದ್ದಾರೆ. ಲ್ಯಾಪ್‌ಟಾಪ್ ತಯಾರಕರ ಹೆಸರಿದ್ದರೆ ಒಮ್ಮೆ ತೆರೆದು ನೋಡಿ. ಲೆನೊವೊದಲ್ಲಿ ವ್ಯಾಂಟೇಜ್, ಆಸುಸ್‌ನಲ್ಲಿ ಮೈಆಸುಸ್ ಎಂಬವು ಇರುತ್ತವೆ. ವಾರಂಟಿ ಎಲ್ಲಿಯವರೆಗೆ ಇದೆ ಎಂಬುದು ಅಲ್ಲೇ ಕಾಣುತ್ತದೆ. ಬ್ಯಾಟರಿಯನ್ನು ನೂರಕ್ಕೆ ತುಂಬಿಸದೆ ಶೇಕಡಾ 80ರ ಆಸುಪಾಸಿನಲ್ಲಿ ನಿಲ್ಲಿಸುವ ಸೌಲಭ್ಯವೂ ಹಲವು ಮಾದರಿಗಳಲ್ಲಿದೆ. ಸದಾ ಚಾರ್ಜರ್ ಚುಚ್ಚಿಯೇ ಟೈಪ್ ಮಾಡುವವರ ಬ್ಯಾಟರಿ ಇದರಿಂದ ಹೆಚ್ಚು ಕಾಲ ಬಾಳುತ್ತದೆ. ಇವು ಯಾವುದೂ ಅಲ್ಲದ ಆಟ, ಖರೀದಿ, ಪ್ರಾಯೋಗಿಕ ಅವಧಿಯ ಸರಕುಗಳನ್ನು ತೆಗೆದುಹಾಕಿ.

ನಿಮ್ಮನ್ನು ಹೆದರಿಸುತ್ತಿರುವ ಆಂಟಿವೈರಸ್ ಆ ಕೊನೆಯ ಗುಂಪಿನದು. ಅದನ್ನು ತೆಗೆದು, ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ಹೊರಗಿನ ಆಂಟಿವೈರಸ್ ಇದ್ದಾಗ ಹಿಂದೆ ಸರಿದಿದ್ದ ವಿಂಡೋಸಿನ ಸ್ವಂತ ಕಾವಲು ತಾನಾಗಿಯೇ ಮುಂದೆ ಬಂದಿರುತ್ತದೆ. ಹಸಿರು ಗುರುತು ಕಂಡರೆ ಆಯಿತು, ನಿಮ್ಮ ಕೆಲಸಕ್ಕೆ ಅಷ್ಟು ಸಾಕು.

ವರ್ಡ್ ವಿಷಯದಲ್ಲಿ ಬಿಲ್ ನೋಡಿ. ‘ಆಫೀಸ್ ಹೋಂ 2024’ ಎಂದಿದ್ದರೆ ಅದು ನಿಮ್ಮದೇ, ವರ್ಷವರ್ಷ ಹಣ ಕಟ್ಟುವುದಿಲ್ಲ. ಆದರೆ ವಿಂಡೋಸ್ ಸಕ್ರಿಯವಾದ 180 ದಿನಗಳೊಳಗೆ ಅದನ್ನು ಸಕ್ರಿಯಗೊಳಿಸಬೇಕು, ಮತ್ತು ಯಾವ ಖಾತೆಯಿಂದ ಮಾಡುತ್ತೀರೋ ಪರವಾನಗಿ ಆ ಖಾತೆಗೇ ಅಂಟಿಕೊಳ್ಳುತ್ತದೆ. ಅಂಗಡಿಯವರ ಖಾತೆ ಬೇಡ, ಮಗನದೂ ಬೇಡ, ನಿಮ್ಮದೇ ಇರಲಿ. ‘ಮೈಕ್ರೋಸಾಫ್ಟ್ 365’ ಎಂದು ಮಾತ್ರ ಇದ್ದರೆ ಅದು ಅವಧಿ ಮುಗಿದ ಮೇಲೆ ಚಂದಾ ಕೇಳುತ್ತದೆ. ಬೇಡವೆಂದರೆ ಲಿಬ್ರೆಆಫೀಸ್ ಹಾಕಿಕೊಳ್ಳಿ, ಅದು ಪೂರ್ಣ ಉಚಿತ, ವರ್ಡ್ ಫೈಲುಗಳನ್ನೂ ತೆರೆಯುತ್ತದೆ.

ಈಗ ನೀವು ಕೇಳದ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಒಂದು ಮಾತು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ಮಾಹಿತಿಯೆಲ್ಲ ಬೀಗ ಹಾಕಿದ ಸ್ಥಿತಿಯಲ್ಲಿ ಇರುವುದು ಈಗ ಸಾಮಾನ್ಯ. ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದ ಕೂಡಲೇ ಹಲವು ಯಂತ್ರಗಳಲ್ಲಿ ಇದು ಸದ್ದಿಲ್ಲದೆ ಚಾಲೂ ಆಗುತ್ತದೆ. ಕಳ್ಳತನವಾದರೆ ಇದೇ ನಿಮ್ಮ ರಕ್ಷಣೆ. ಆದರೆ ಮದರ್‌ಬೋರ್ಡ್ ಬದಲಾದರೆ, ಕೆಲವೊಮ್ಮೆ ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ಆದರೂ, ನೀಲಿ ಪರದೆ ಬಂದು ಆ ಬೀಗ ತೆರೆಯುವ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಉಳಿದಿರುವುದು ಆ ಖಾತೆಯಲ್ಲಿ. ಕಳೆದ ಮಳೆಗಾಲದಲ್ಲಿ ಒಬ್ಬ ನರ್ಸ್ ಹೀಗೆ ಕೀ ಕೇಳುತ್ತಿದ್ದ ತಮ್ಮ ಮಗಳ ಲ್ಯಾಪ್‌ಟಾಪ್ ತಂದಿದ್ದರು. ಖಾತೆಯನ್ನು ತೆರೆದುಕೊಟ್ಟದ್ದು ಮಾರಿದ ಅಂಗಡಿಯ ಹುಡುಗ. ಯಾವ ಇಮೇಲ್ ಹಾಕಿದ್ದನೋ ಅವನಿಗೇ ನೆನಪಿಲ್ಲ. ಮೂರು ವರ್ಷದ ಫೋಟೋಗಳು ಆ ಡಿಸ್ಕಿನಲ್ಲೇ ಇದ್ದವು, ತೆಗೆಯಲು ನನ್ನಿಂದ ಆಗಲಿಲ್ಲ, ಯಾರಿಂದಲೂ ಆಗುತ್ತಿರಲಿಲ್ಲ. ಆ ತಾಯಿ ಅಂಗಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದರು. ದಯವಿಟ್ಟು ಇವತ್ತೇ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಪುಟಕ್ಕೆ ಹೋಗಿ, ಸಾಧನಗಳ ಪಟ್ಟಿಯಲ್ಲಿ ಈ ಲ್ಯಾಪ್‌ಟಾಪನ್ನು ಹುಡುಕಿ, ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆರಾರು ಅಂಕಿಗಳ ಎಂಟು ಗುಂಪು ಇರುತ್ತದೆ. ಬರೆದ ಮೇಲೆ ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿ. ಕಾಗದ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬೇಡ, ಮನೆಯ ಪತ್ರಗಳ ಜೊತೆ ಇರಲಿ.

ಹಳೆಯ ಫೈಲುಗಳ ಬಗ್ಗೆ ಗಾಬರಿ ಬೇಡ, ಅವು ಕೆಟ್ಟಿಲ್ಲ. ‘ಕನ್ನಡ’ ಎಂಬ ಪದ ಇರಬೇಕಾದ ಕಡೆ ಇಂಗ್ಲಿಷಿನ ‘P’ಯಿಂದ ಶುರುವಾಗಿ ತಲೆಯ ಮೇಲೆ ಗೆರೆ ಹೊತ್ತ ಅಕ್ಷರಗಳು ಕಾಣುತ್ತಿವೆಯೇ? ಹಾಗಿದ್ದರೆ ಹಳೆಯ ಕ್ರಮದ ನುಡಿ ಫಾಂಟ್ ಇಲ್ಲದಿರುವುದೇ ಕಾರಣ. ಆ ಕ್ರಮದಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ರೋಮನ್ ಸಂಕೇತಗಳನ್ನೇ. ಅವಕ್ಕೆ ಕನ್ನಡದ ರೂಪ ತೊಡಿಸುವುದು ಫಾಂಟ್. ನುಡಿಯನ್ನು ಹೊಸ ಲ್ಯಾಪ್‌ಟಾಪಿಗೂ ಹಾಕಿಕೊಂಡರೆ ಬರಹ ಮತ್ತೆ ಕಾಣುತ್ತದೆ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ನುಡಿಯ ಜೊತೆ ಬರುವ ಪರಿವರ್ತಕದಿಂದ ಆರೂ ನೋಟ್‌ಬುಕ್ಕುಗಳನ್ನು ಯೂನಿಕೋಡಿಗೆ, ಅಂದರೆ ಕನ್ನಡ ಅಕ್ಷರಗಳನ್ನು ಕನ್ನಡವಾಗಿಯೇ ಉಳಿಸುವ ಕ್ರಮಕ್ಕೆ, ತನ್ನಿ, ಮೂಲ ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಗೆಯೇ ಇಡಿ. ಬಳಿಕ ಅರ್ಕಾವತ್ತು ಇರುವ ಪದಗಳನ್ನು, ನಡುವೆ ಬಂದ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ನೋಡಿ, ಪರಿವರ್ತನೆ ಎಡವುವುದು ಅಲ್ಲೇ. ಇನ್ನುಳಿದ ಐದನ್ನು ಮೊದಲಿನಿಂದಲೇ ಯೂನಿಕೋಡಿನಲ್ಲಿ ಟೈಪ್ ಮಾಡಿ. ನುಡಿಯ ಹೊಸ ಆವೃತ್ತಿಯಲ್ಲಿ ನಿಮ್ಮ ಬೆರಳಿಗೆ ರೂಢಿಯಾದ ಕೀಲಿಮಣೆಯೇ ಇದೆ.

ಇನ್ನೊಬ್ಬರ ಪ್ರಶ್ನೆ (ಪದವಿ ವಿದ್ಯಾರ್ಥಿ, ಗದಗ): ಸರ್, ನನ್ನ ಲ್ಯಾಪ್‌ಟಾಪಿನ ಡಬ್ಬದ ಮೇಲೆ 512 ಜಿಬಿ ಎಂದಿದೆ, ಒಳಗೆ ಸುಮಾರು 476 ತೋರಿಸುತ್ತದೆ. ಉಳಿದದ್ದನ್ನು ಈ ತಂತ್ರಾಂಶಗಳೇ ನುಂಗಿವೆಯೇ?

ಉತ್ತರ: ಇಲ್ಲಪ್ಪ. ಡಿಸ್ಕ್ ಮಾಡುವವರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕ ಹಿಡಿದು ಸುಮಾರು 107 ಕೋಟಿ ಎಂದು ಎಣಿಸುತ್ತದೆ. ಜಾಗ ಒಂದೇ, ಅಳತೆಗೋಲು ಬೇರೆ. ತಂತ್ರಾಂಶಗಳು ಎಷ್ಟು ಜಾಗ ಹಿಡಿದಿವೆ ಎಂಬುದು ಸೆಟ್ಟಿಂಗ್ಸ್‌ನ ಸ್ಟೋರೇಜ್ ಭಾಗದಲ್ಲಿ ಕಾಣುತ್ತದೆ.

ಮತ್ತೆ ಶಿಕ್ಷಕಿಯವರು (ಎರಡು ದಿನಗಳ ನಂತರ): ಸರ್, ಆಂಟಿವೈರಸ್ ಹೋಯಿತು, ಹಸಿರು ಗುರುತು ಬಂತು. ಕೀ ಬರೆದುಕೊಂಡೆ. ನಮ್ಮ ಯಜಮಾನರು ಓದಿದರು, ನಾನು ತಾಳೆ ನೋಡಿದೆ. ಮೂರನೆಯ ಗುಂಪಿನಲ್ಲಿ ಒಂದು ಅಂಕಿ ತಪ್ಪಾಗಿತ್ತು. ಈಗ ಡೆಸ್ಕ್‌ಟಾಪಿನ ಫೈಲುಗಳ ಪಕ್ಕದಲ್ಲಿ ಮೋಡದ ಚಿತ್ರ ಬರುತ್ತಿದೆ, ಜಾಗ ತುಂಬುತ್ತಿದೆ ಎನ್ನುತ್ತಿದೆ. ಇದೇನು?

ಉತ್ತರ: ಆ ಒಂದು ಅಂಕಿ ಸಿಕ್ಕಿದ್ದು ನನಗೆ ಬಹಳ ಸಮಾಧಾನ ಮೇಡಂ. ಮೋಡದ ಚಿತ್ರ ಒನ್‌ಡ್ರೈವಿನದು. ಅದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳ ನಕಲನ್ನು ಅಂತರ್ಜಾಲದಲ್ಲಿ ಇಡುತ್ತದೆ. ಉಚಿತ ಜಾಗ 5 ಜಿಬಿ ಮಾತ್ರ. ಟೈಪ್ ಮಾಡಿದ ಬರಹ ಎಷ್ಟೇ ಇದ್ದರೂ ಅದರಲ್ಲಿ ಹಿಡಿಸುತ್ತದೆ, ತುಂಬುತ್ತಿರುವುದು ಹೆಚ್ಚಾಗಿ ಫೋಟೋಗಳಿಂದ. ಒನ್‌ಡ್ರೈವ್ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಬ್ಯಾಕಪ್ ಒತ್ತಿ, ಪಿಕ್ಚರ್ಸ್ ಒಂದನ್ನೇ ನಿಲ್ಲಿಸಿ. ನಿಲ್ಲಿಸಿದ ಮೇಲೆ ಫೋಟೋಗಳು ಮಾಯವಾದಂತೆ ಕಂಡರೆ ಹೆದರಬೇಡಿ, ಒನ್‌ಡ್ರೈವ್ ಫೋಲ್ಡರಿನೊಳಗಿನ ಪಿಕ್ಚರ್ಸ್‌ನಲ್ಲಿ ಇರುತ್ತವೆ. ಅಲ್ಲಿಂದ ಲ್ಯಾಪ್‌ಟಾಪಿನ ಪಿಕ್ಚರ್ಸ್‌ಗೆ ಸರಿಸಿಕೊಳ್ಳಿ. ತಂದೆಯವರ ಟಿಪ್ಪಣಿಗಳು ಮಾತ್ರ ಮೋಡದಲ್ಲೂ ಇರಲಿ, ಪೆನ್‌ಡ್ರೈವ್‌ನಲ್ಲೂ ಇರಲಿ. ಏಳನೆಯ ನೋಟ್‌ಬುಕ್ ಶುರು ಮಾಡಿದಾಗ ಮೊದಲ ಪುಟವನ್ನು ಇಲ್ಲಿ ಹಾಕಿ, ಓದುವ ಆಸೆ ನನಗಿದೆ.