ಕಲ್ಲು ಹಾದಿಗೆ ಟ್ರೇಲ್ ಶೂ: ಮೆತ್ತಗಿದ್ದರೆ ಸಾಕಾ?

ಪ್ರಶ್ನೆ: ಸರ್, ನಾನು ಓಡುವವಳಲ್ಲ, ಚಾರಣಕ್ಕೆ ಹೋಗುವವಳು. ದಾರಿ ಜಾಸ್ತಿ ಕಲ್ಲೇ. ಈಗಿರುವ ಬೂಟು ಭಾರ, ಕಾಲು ಬೇರೆ ಬೆವರುತ್ತದೆ. ಅದಕ್ಕೇ ಟ್ರೇಲ್ ರನ್ನಿಂಗ್ ಶೂ, ಅಂದರೆ ಕಾಡು-ಬೆಟ್ಟದ ಹಾದಿಯಲ್ಲಿ ಓಡುವವರ ಶೂ ನೋಡುತ್ತಿದ್ದೇನೆ. ಅಂಗಡಿಯಲ್ಲಿ ಒಂದು ಜೋಡಿ ಹಾಕಿ ನಡೆದೆ, ಹಾಸಿಗೆ ಮೇಲೆ ಕಾಲಿಟ್ಟ ಹಾಗಿತ್ತು. ಅಡಿಯಲ್ಲಿ ಉದ್ದುದ್ದ ಹಲ್ಲುಗಳೂ ಇವೆ. ತಗೊಳ್ಳಲಾ?

ಉತ್ತರ (ಶೂ ಫಿಟ್ಟಿಂಗ್ ತಜ್ಞ): ಸ್ವಲ್ಪ ತಡೆಯಿರಿ ಮೇಡಂ. ಅಂಗಡಿಯ ನೆಲ ಸಮತಟ್ಟು. ಅಲ್ಲಿ ಮೆತ್ತನೆಯ ಶೂ ಯಾರಿಗಾದರೂ ಇಷ್ಟವಾಗುತ್ತದೆ. ಚೂಪುಗಲ್ಲಿನ ಮೇಲೆ ಲೆಕ್ಕ ಬೇರೆ. ಅಡಿ ತೀರಾ ಮೆತ್ತಗಿದ್ದರೆ ಕಲ್ಲಿನ ಮೊನೆ ನೇರ ಅಂಗಾಲಿಗೆ ಒತ್ತುತ್ತದೆ. ಬೆಳಗ್ಗೆ ಗೊತ್ತಾಗಲ್ಲ, ಸಂಜೆ ಹೊತ್ತಿಗೆ ಅಂಗಾಲು ಉರಿಯುತ್ತದೆ.

ಇದಕ್ಕೆಂದೇ ಕೆಲವು ಶೂಗಳಲ್ಲಿ ರಾಕ್ ಪ್ಲೇಟ್ ಇರುತ್ತದೆ. ಮಿಡ್‌ಸೋಲಿನ (ಪಾದಕ್ಕೂ ಕೆಳಗಿನ ರಬ್ಬರಿಗೂ ನಡುವಿನ ಮೆತ್ತನೆಯ ಪದರದ) ಫೋಮ್‌ಗೂ ಆ ರಬ್ಬರಿಗೂ ನಡುವೆ ಕೂರಿಸಿದ ತೆಳು ಹಾಳೆ ಅದು, ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಅದಿಲ್ಲದಿದ್ದರೂ ಫೋಮ್ ದಪ್ಪಗೆ, ಸ್ವಲ್ಪ ಗಟ್ಟಿಯಾಗಿದ್ದರೆ ಸಾಕು. ಬೆರಳುಗಳ ಬುಡ ಬರುವ ಜಾಗದಲ್ಲಿ ಅಡಿಯಿಂದ ಹೆಬ್ಬೆರಳಲ್ಲಿ ಬಲವಾಗಿ ಒತ್ತಿ ನೋಡಿ. ಒತ್ತಿದ್ದು ಒಳಗೆ ಸಲೀಸಾಗಿ ಗೊತ್ತಾದರೆ ಬೇಡ. ಆಮೇಲೆ ಹಿಮ್ಮಡಿಯನ್ನೂ ತುದಿಯನ್ನೂ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ಸುಲಭವಾಗಿ ತಿರುಚಿಕೊಳ್ಳುವ ಶೂ ಕಲ್ಲುಗಳ ನಡುವೆ ಪಾದವನ್ನೂ ತಿರುಚುತ್ತದೆ. ಬಗ್ಗಿಸಿದಾಗ ಬೆರಳುಗಳ ಬುಡದಲ್ಲಿ ಮಡಚಬೇಕು, ನಡುವಿನಲ್ಲಲ್ಲ.

ಇನ್ನು ಹಲ್ಲು. ಉದ್ದ ಇದ್ದಷ್ಟೂ ಹಿಡಿತ ಜಾಸ್ತಿ ಅಂದುಕೊಳ್ಳುತ್ತಾರೆ. ಕೆಸರಿಗೆ ಅದು ನಿಜ, ಅಲ್ಲಿ 6 ಮಿ.ಮೀ. ಇದ್ದರೂ ಬೇಕು. ಬಂಡೆಯೊಳಗೆ ಹಲ್ಲು ಇಳಿಯುವುದಿಲ್ಲ ಅಲ್ವಾ? ಅಲ್ಲಿ ಹಿಡಿಯುವುದು ರಬ್ಬರು, ಅದು ಕಲ್ಲಿಗೆ ಎಷ್ಟು ಜಾಗದಲ್ಲಿ ತಾಗುತ್ತದೆ ಅನ್ನುವುದೇ ಮುಖ್ಯ. ಉದ್ದ, ದೂರದೂರದ ಹಲ್ಲುಗಳು ಬಂಡೆ ಮೇಲೆ ವಾಲಾಡುತ್ತವೆ, ಬೇಗ ಸವೆಯುತ್ತವೆ. 3ರಿಂದ 4 ಮಿ.ಮೀ., ಒತ್ತೊತ್ತಾಗಿದ್ದರೆ ಒಳ್ಳೆಯದು. ಅಂಟುವ ಗುಣದ ರಬ್ಬರು ಹುಡುಕಿ, ವೈಬ್ರಮ್‌ನ ಮೆಗಾಗ್ರಿಪ್ ಅಂಥದ್ದು. ಆದರೆ ಸುಮ್ನೆ ವೈಬ್ರಮ್‌ನ ಹಳದಿ ಗುರುತು ನೋಡಿ ಖುಷಿಪಡಬೇಡಿ. ಆ ಕಂಪನಿ ಹಲವು ಬಗೆಯ ರಬ್ಬರು ಮಾಡುತ್ತದೆ, ಯಾವುದು ಅಂತ ಕೇಳಿ. ತುದಿಗೆ ಗಟ್ಟಿ ರಬ್ಬರಿನ ಕವಚವೂ ಇರಲಿ. ದಣಿದ ಮೇಲೆ ಕಾಲು ಎತ್ತಿಡುವುದಕ್ಕಿಂತ ಎಡವುವುದೇ ಜಾಸ್ತಿ.

ಪ್ರಶ್ನೆ: ಸೈಜ್ ಮಾಮೂಲಿ ಶೂಗಿಂತ ದೊಡ್ಡದು ತಗೋಬೇಕಂತೆ, ಹೌದಾ? ಇಳಿಜಾರಲ್ಲಿ ನನ್ನ ಉಗುರು ಕಪ್ಪಾಗುತ್ತದೆ.

ಉತ್ತರ: ಹೆಚ್ಚಿನವರಿಗೆ ಅರ್ಧ ಸೈಜ್ ದೊಡ್ಡದು ಬೇಕಾಗುತ್ತದೆ, ಆದರೆ ನಂಬರ್ ನಂಬಬೇಡಿ. ಒಂದೊಂದು ಕಂಪನಿಯದು ಒಂದೊಂದು ಅಳತೆ. ನಡೆದಂತೆ ಪಾದ ಊದಿಕೊಳ್ಳುವುದರಿಂದ ಸಂಜೆ ಹೊತ್ತು ಹೋಗಿ. ಚಾರಣದ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಎದ್ದು ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು.

ಆದರೆ ಬರೀ ಉದ್ದದಿಂದ ಉಗುರು ಉಳಿಯುವುದಿಲ್ಲ. ಹಿಮ್ಮಡಿ ಸಡಿಲವಾಗಿದ್ದರೆ ಇಡೀ ಪಾದ ಮುಂದಕ್ಕೆ ಜಾರಿ ಬೆರಳು ಗುದ್ದುತ್ತದೆ. ಕಣಕಾಲಿನ ಹತ್ತಿರ ಒಂದು ಹೆಚ್ಚುವರಿ ತೂತು ಇರುತ್ತದಲ್ಲ, ಯಾರೂ ಬಳಸಲ್ಲ. ಲೇಸನ್ನು ಅದೇ ಬದಿಯ ಆ ತೂತಿಗೆ ಏರಿಸಿ ಎರಡೂ ಕಡೆ ಸಣ್ಣ ಕುಣಿಕೆ ಮಾಡಿ. ಎದುರು ಬದಿಯ ಲೇಸನ್ನು ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಅಲ್ಲಾಡದೆ ಕೂರುತ್ತದೆ. ಅಂಗಡಿಯಲ್ಲಿ ಇಳಿಜಾರು ಹಲಗೆ ಇದ್ದರೆ ಅದರ ಮೇಲೆ ಇಳಿದು ನೋಡಿ, ಇಲ್ಲದಿದ್ದರೆ ಮೆಟ್ಟಿಲು. ಹೊರಡುವ ಮುಂಚೆ ಉಗುರು ಕತ್ತರಿಸುವುದನ್ನು ಮರೆಯಬೇಡಿ.

ಇನ್ನೊಬ್ಬರ ಪ್ರಶ್ನೆ: ಬೂಟು ಬಿಟ್ಟರೆ ಕಾಲು ಉಳುಕಲ್ವಾ ಸರ್?

ಉತ್ತರ: ಬೂಟಿನ ಕಾಲರ್ ಕಣಕಾಲಿಗೆ ಕಲ್ಲು ತರಚದಂತೆ ಕಾಯುತ್ತದೆ. ಆದರೆ ಎತ್ತರದ ಕಾಲರ್ ಇದೆ ಅಂದಮಾತ್ರಕ್ಕೆ ಉಳುಕು ತಪ್ಪಲ್ಲ. ನಾನು ನೋಡುವುದು ಅಡಿಯ ಎತ್ತರ. ತುಂಬಾ ಎತ್ತರದ, ಇಕ್ಕಟ್ಟಾದ ಸೋಲ್ ಕಲ್ಲಿನ ಮೇಲೆ ಬೇಗ ಮಗುಚುತ್ತದೆ. ಅಗಲವಾಗಿ, ನೆಲಕ್ಕೆ ಹತ್ತಿರ ಇರಲಿ. ಮೊದಲೇ ಕಣಕಾಲಿಗೆ ಪೆಟ್ಟಾಗಿದ್ದರೆ, ಇಲ್ಲವೇ ಬೆನ್ನ ಮೇಲೆ 15 ಕೆ.ಜಿ. ಹೊರೆ ಇದ್ದರೆ, ನಾನೂ ಬೂಟೇ ಹೇಳುತ್ತೇನೆ.

ಪ್ರಶ್ನೆ: ನೀರು ಒಳಗೆ ಬಿಡದ ಗೋರ್-ಟೆಕ್ಸ್ ಪದರ ಇರುವುದು ತಗೊಳ್ಳಲಾ? ಮತ್ತೆ ಝೀರೋ ಡ್ರಾಪ್?

ಉತ್ತರ: ಚಳಿ, ಹಿಮ ಇದ್ದರೆ ಮಾತ್ರ ಗೋರ್-ಟೆಕ್ಸ್. ಗಿಡ್ಡ ಶೂಗೆ ತೊರೆಯ ನೀರು ಮೇಲಿಂದ ನುಗ್ಗುತ್ತದೆ, ಆಮೇಲೆ ಹೊರಗೆ ಹೋಗಲ್ಲ. ಬರೀ ಜಾಲರಿಯದ್ದು ನಡೆಯುತ್ತಲೇ ಒಣಗುತ್ತದೆ. ಝೀರೋ ಡ್ರಾಪ್ ಅಂದರೆ ಹಿಮ್ಮಡಿ, ಮುಂಗಾಲು ಒಂದೇ ಎತ್ತರ. ಆಲ್ಟ್ರಾ ಕಂಪನಿಯ ಹೆಚ್ಚಿನ ಶೂಗಳು ಹಾಗಿರುತ್ತವೆ. ಒಮ್ಮೆಲೇ ಬದಲಾಯಿಸಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಮೊದಲ ಜೋಡಿಗೆ 4ರಿಂದ 8 ಮಿ.ಮೀ. ಡ್ರಾಪ್ ಇರಲಿ, ಅಂದರೆ ಹಿಮ್ಮಡಿ ಮುಂಗಾಲಿಗಿಂತ ಅಷ್ಟು ಎತ್ತರ.

ಪ್ರಶ್ನೆ: ಎಷ್ಟು ದಿನ ಬಾಳುತ್ತದೆ?

ಉತ್ತರ: ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಅಂತ ಹೇಳುತ್ತಾರೆ. ಕಲ್ಲು ಹಾದಿಯಲ್ಲಿ ಅಷ್ಟು ಸಿಗದೆಯೂ ಹೋಗಬಹುದು, ಅಂಟುವ ರಬ್ಬರಂತೂ ಬೇಗ ಸವೆಯುತ್ತದೆ. ಮೇಲ್ಭಾಗ ಹೊಸದರಂತಿದ್ದರೂ ಒಳಗಿನ ಫೋಮ್ ಸತ್ತಿರುತ್ತದೆ. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಂದು ಕಡೆ ವಾಲಿದ್ದರೆ ಅದನ್ನು ಕಲ್ಲು ಹಾದಿಗೆ ಹಾಕಬೇಡಿ.