ಅಪ್‌ಡೇಟ್: ಗರ್ಭದ ನೀರು ಹಸಿರಾಗಿತ್ತು ಅಂದಿದ್ದೆನಲ್ಲ, ಪಾಪು ಮನೆಗೆ ಬಂದಿದೆ

ತಂಗಿಗೆ ನೀರೊಡೆದಾಗ ಹಸಿರು ಬಣ್ಣ ಇತ್ತು, ಮಗು ಹೊಟ್ಟೆಯಲ್ಲೇ ಮಲ ಮಾಡಿದೆ ಅಂದರು, ಅಪಾಯ ಎಷ್ಟು ಅಂತ ಕೇಳಿದ್ದೆ. ಧೈರ್ಯ ಹೇಳಿದ ಎಲ್ಲರಿಗೂ ಥ್ಯಾಂಕ್ಸ್. ಹೆಣ್ಣು ಮಗು, ಆರಾಮಾಗಿದ್ದಾಳೆ.

ಹುಟ್ಟಿದ ತಕ್ಷಣ ಜೋರಾಗಿ ಅತ್ತಳು. ಆದರೆ ಸ್ವಲ್ಪ ಹೊತ್ತಿಗೆ ಉಸಿರಾಟ ಜಾಸ್ತಿಯಾಯಿತು. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು. ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಒಯ್ದು ಸಿಪ್ಯಾಪ್ (ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ) ಹಾಕಿದರು. ಮೆಕೋನಿಯಂ, ಅಂದರೆ ಮಗುವಿನ ಆ ಮೊದಲ ಮಲ, ಉಸಿರಿನ ಜೊತೆ ಒಳಗೆ ಹೋದರೆ ಸಣ್ಣ ಗಾಳಿನಾಳಗಳು ಕಟ್ಟಿಕೊಳ್ಳುತ್ತವೆ, ಶ್ವಾಸಕೋಶದಲ್ಲಿ ಉರಿಯೂತ ಆಗುತ್ತದೆ ಅಂತ ಮಕ್ಕಳ ಡಾಕ್ಟರ್ ಬಿಡಿಸಿ ಹೇಳಿದರು.

ಗಂಟಲಿಗೆ ಪೈಪ್ ಹಾಕಿ ಅದನ್ನು ಯಾಕೆ ಹೊರಗೆ ಎಳೆಯಲಿಲ್ಲ ಅಂತ ಅಮ್ಮ ಕೇಳಿದರು. ಅಳುತ್ತಾ ಚುರುಕಾಗಿರುವ ಮಗುವಿಗೆ ಅದು ಬೇಕಿಲ್ಲ. ಸುಮ್ನೆ ಗಂಟಲು ಕೆದಕಿದರೆ ಎದೆಬಡಿತ ನಿಧಾನವಾಗಬಹುದು. 2015ರ ನಂತರವಂತೂ, ಮಂಕಾಗಿ ಹುಟ್ಟಿದ ಮಗುವಿಗೂ ಮೊದಲು ಉಸಿರು ಕೊಡುವುದೇ ಮುಖ್ಯ ಅಂತ ಪದ್ಧತಿ ಬದಲಾಗಿದೆ.

ನೀರು ಹಸಿರಾದ 100 ಹೆರಿಗೆಗಳಲ್ಲಿ ಸುಮಾರು 5 ಮಕ್ಕಳಿಗೆ ಈ ತೊಂದರೆ ಬರುತ್ತದೆ. ದಿನ ತುಂಬಿ ದಾಟಿದವರಲ್ಲಿ ನೀರು ಹಸಿರಾಗುವುದು ಜಾಸ್ತಿ. ಹಾಗಾಗಿ ನೀರೊಡೆದು ಹಸಿರಾಗಿ ಕಂಡರೆ ನೋವು ಬರಲಿ ಅಂತ ಮನೆಯಲ್ಲಿ ಕಾಯಬೇಡಿ, ಎನ್‌ಐಸಿಯು ಇರುವ ಆಸ್ಪತ್ರೆಗೆ ಹೊರಡಿ.